ಎದೆ ತೆಗೆಸಬೇಕಾ, ಉಳಿಸಿಕೊಳ್ಳಬಹುದಾ? ಮಾಸ್ಟೆಕ್ಟಮಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆರು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಅಂತ ನನ್ನ ಎಡಗಡೆಯ ಎದೆಯನ್ನು ಪೂರ್ತಿ ತೆಗೆದರು. ಇದಕ್ಕೇ ಮಾಸ್ಟೆಕ್ಟಮಿ ಅನ್ನುವುದು. ಅಲ್ಲಿಂದೀಚೆಗೆ ಗೊತ್ತಿದ್ದವರ ಮನೆಯಲ್ಲಿ ಯಾರಿಗೇ ಈ ಕಾಯಿಲೆ ಬಂದರೂ ನನ್ನ ನಂಬರ್ ಅವರ ಕೈಗೆ ಹೋಗುತ್ತದೆ. ಫೋನ್ ಮಾಡಿದವರು ಮೊದಲು ಸ್ವಲ್ಪ ಹೊತ್ತು ಏನೂ ಮಾತಾಡುವುದಿಲ್ಲ. ಆಮೇಲೆ ಹೆಚ್ಚುಕಡಿಮೆ ಇದೇ ಪ್ರಶ್ನೆಗಳು ಬರುತ್ತವೆ. ನಾನು ಡಾಕ್ಟರ್ ಅಲ್ಲ. ನಿಮ್ಮ ರಿಪೋರ್ಟ್ ನೋಡಿ ಹೇಳಬೇಕಾದವರು ನಿಮ್ಮ ಡಾಕ್ಟರೇ. ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿರಲಿ ಎಂದು ಇದನ್ನು ಬರೆದಿದ್ದೇನೆ.

ಮುಂದಿನ ವಾರವೇ ಆಪರೇಷನ್ ಅಂದಿದ್ದಾರೆ. ಯೋಚನೆ ಮಾಡಲು ಟೈಮ್ ಕೇಳಿದರೆ ಅಷ್ಟರಲ್ಲಿ ಹರಡಿಬಿಡುತ್ತಾ?

ಸಾಮಾನ್ಯವಾಗಿ ಇಲ್ಲ. ಕೈಗೆ ಸಿಗುವಷ್ಟು ದೊಡ್ಡದಾಗಲು ಹೆಚ್ಚಿನ ಗಂಟುಗಳು ವರ್ಷಗಳನ್ನೇ ತೆಗೆದುಕೊಂಡಿರುತ್ತವೆ. ಇನ್ನೊಂದೆರಡು ವಾರ ಕೂತು, ರಿಪೋರ್ಟ್ ಎಲ್ಲಾ ಬಂದ ಮೇಲೆ ತೀರ್ಮಾನ ಮಾಡಿದರೆ ಸಾಮಾನ್ಯವಾಗಿ ಏನೂ ಕೆಡುವುದಿಲ್ಲ. ಎದೆ ಇಡೀ ಕೆಂಪಾಗಿ, ಬಿಸಿಯಾಗಿ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ದಪ್ಪಗಾಗುವ ಒಂದು ಬಗೆಯಿದೆ. ಅದಕ್ಕೆ ಉರಿಯೂತದ ಸ್ತನ ಕ್ಯಾನ್ಸರ್ ಅನ್ನುತ್ತಾರೆ. ಅಂಥದ್ದಕ್ಕೆ ಅವಸರ ಬೇಕು. ಆದರೆ ಅಲ್ಲೂ ಮೊದಲು ಶುರುವಾಗುವುದು ಕೀಮೋ, ಆಪರೇಷನ್ ಆಮೇಲೆ. "ನನ್ನ ವಿಷಯದಲ್ಲಿ ಎಷ್ಟು ದಿನ ಕಾಯಬಹುದು?" ಎಂದು ನೇರವಾಗಿ ಕೇಳಿಬಿಡಿ.

ನಾನು ಕೇಳಲಿಲ್ಲ. ಮೊದಲ ಸಲ ಹೋದ ಡಾಕ್ಟರ್ ಡೈರಿ ತಿರುವಿ ಹಾಕುತ್ತಾ "ಮಂಗಳವಾರ ಖಾಲಿ ಇದೆ, ಬರೆದುಕೊಳ್ಳಲಾ?" ಅಂದರು. ನಾನು ತಲೆಯಾಡಿಸಿದೆ. ಮನೆಗೆ ಬಂದ ಮೇಲೆ ಅಕ್ಕ "ಪೂರ್ತಿ ಯಾಕೆ ತೆಗೀಬೇಕಂತೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮಂಗಳವಾರವನ್ನು ಮುಂದಕ್ಕೆ ಹಾಕಿಸಿದೆ. ಕೊನೆಗೆ ಆಗಿದ್ದು ಅದೇ ಆಪರೇಷನ್. ಆದರೆ ಯಾಕೆ ಅಂತ ತಿಳಿದುಕೊಂಡು ಮಲಗಿದ್ದೆ.

ಒಂದು ಮಾತು. ವಾರಗಳು ಬೇರೆ, ತಿಂಗಳುಗಳು ಬೇರೆ. "ಆರು ತಿಂಗಳು ಬೇರೆ ಏನಾದರೂ ಮಾಡಿ ನೋಡೋಣ" ಅನ್ನುವವರ ಮಾತು ಕೇಳಬೇಡಿ.

ಪೂರ್ತಿ ತೆಗೆಸಿದರೆ ಜಾಸ್ತಿ ವರ್ಷ ಬದುಕುತ್ತೇನೆ ಅಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ನಾನೂ ಅಂದುಕೊಂಡಿದ್ದೆ. ಡಾಕ್ಟರುಗಳೂ ನೂರು ವರ್ಷದ ಹತ್ತಿರ ಹಾಗೇ ನಂಬಿದ್ದರು. 19ನೇ ಶತಮಾನದ ಕೊನೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಅಮೆರಿಕದ ಸರ್ಜನ್ ಸ್ತನದ ಜೊತೆಗೆ ಕೆಳಗಿನ ಎದೆಯ ಸ್ನಾಯು, ಕಂಕುಳ ಗ್ರಂಥಿ ಎಲ್ಲವನ್ನೂ ಒಟ್ಟಿಗೆ ತೆಗೆಯುವ ಪದ್ಧತಿ ತಂದ. ಎಷ್ಟು ಜಾಸ್ತಿ ತೆಗೆದರೆ ಅಷ್ಟು ಒಳ್ಳೆಯದು ಎಂಬ ಲೆಕ್ಕ.

ಇದು ನಿಜವಾ ಅಂತ 1970ರ ದಶಕದಲ್ಲಿ ಇಬ್ಬರು ಸರ್ಜನ್‌ಗಳು ಪರೀಕ್ಷೆ ಮಾಡಿದರು. ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್. ಕೆಲವು ಹೆಂಗಸರಿಗೆ ಪೂರ್ತಿ ತೆಗೆದರು. ಉಳಿದವರಿಗೆ ಗಂಟಿರುವ ಭಾಗವನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರು. 20 ವರ್ಷ ಕಾದು ನೋಡಿ, 2002ರಲ್ಲಿ ಫಲಿತಾಂಶ ಹೇಳಿದರು. ಎರಡೂ ಕಡೆ ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ.

ವ್ಯತ್ಯಾಸ ಇದ್ದದ್ದು ಇನ್ನೊಂದು ವಿಷಯದಲ್ಲಿ. ಮಿಲಾನ್‌ನಲ್ಲಿ ಎದೆ ಉಳಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 9 ಜನಕ್ಕೆ ಅದೇ ಎದೆಯಲ್ಲಿ ಮತ್ತೆ ಕ್ಯಾನ್ಸರ್ ಬಂತು. ಪೂರ್ತಿ ತೆಗೆಸಿದವರಲ್ಲಿ ಆ ಜಾಗದಲ್ಲಿ ಮತ್ತೆ ಬಂದದ್ದು ನೂರಕ್ಕೆ 2 ಜನಕ್ಕೆ. ಫಿಶರ್ ಅವರ ಲೆಕ್ಕ ಇನ್ನೊಂದು ಪಾಠ ಹೇಳುತ್ತದೆ. ಗಂಟು ಮಾತ್ರ ತೆಗೆದು ರೇಡಿಯೇಷನ್ ಬಿಟ್ಟವರಲ್ಲಿ ನೂರಕ್ಕೆ 39 ಜನಕ್ಕೆ ಅಲ್ಲೇ ಮರಳಿ ಬಂತು. ರೇಡಿಯೇಷನ್ ತೆಗೆದುಕೊಂಡವರಲ್ಲಿ ಅದು 14ಕ್ಕೆ ಇಳಿಯಿತು. ಅಂದರೆ ಉಳಿಸಿಕೊಳ್ಳುವುದು ಅಂದರೆ ಸಾಮಾನ್ಯವಾಗಿ ಗಂಟು ತೆಗೆಸುವುದು ಮತ್ತು ರೇಡಿಯೇಷನ್, ಎರಡೂ ಸೇರಿ. ಈಗಿನ ಔಷಧಿಗಳ ಕಾಲದಲ್ಲಿ ಈ ಅಂಕಿಗಳು ಇನ್ನೂ ಕಡಿಮೆಯಾಗಿವೆ.

ಹಾಗಾದರೆ ನನಗ್ಯಾಕೆ ಪೂರ್ತಿ ತೆಗೆಸಿ ಅಂದರು?

ಕಾರಣ ಇರಬಹುದು. ಒಂದೇ ಎದೆಯಲ್ಲಿ ದೂರ ದೂರದ ಎರಡು ಮೂಲೆಗಳಲ್ಲಿ ಗಂಟು ಇರಬಹುದು. ನನ್ನದು ಅದೇ. ಎದೆ ಚಿಕ್ಕದಾಗಿದ್ದು ಗಂಟು ದೊಡ್ಡದಾಗಿದ್ದರೆ, ಗಂಟು ತೆಗೆದ ಮೇಲೆ ಉಳಿಯುವುದು ಅಷ್ಟಕ್ಕಷ್ಟೇ. ಹಾಲಿನ ನಾಳಗಳ ಒಳಗೇ ಉದ್ದಕ್ಕೂ ಹಬ್ಬಿದ ಆರಂಭದ ಹಂತದ ಕ್ಯಾನ್ಸರ್ ಕೆಲವೊಮ್ಮೆ ಇಡೀ ಎದೆಯನ್ನು ಆವರಿಸಿರುತ್ತದೆ. ಹಂತ ಮೊದಲಿನದೇ, ಆಪರೇಷನ್ ಮಾತ್ರ ದೊಡ್ಡದು. ಕೇಳಲು ವಿಚಿತ್ರ, ಆದರೆ ಹಾಗೆಯೇ. ಮೊದಲೇ ಆ ಜಾಗಕ್ಕೆ ರೇಡಿಯೇಷನ್ ಆಗಿದ್ದರೆ ಇನ್ನೊಮ್ಮೆ ಕೊಡುವುದು ಕಷ್ಟ. ಚರ್ಮ ಗಟ್ಟಿಯಾಗುವ ಸ್ಕ್ಲೆರೋಡರ್ಮಾದಂಥ ಕಾಯಿಲೆ ಇದ್ದವರಿಗೆ ರೇಡಿಯೇಷನ್ ಒಗ್ಗದಿರಬಹುದು. ಒಮ್ಮೆ ಗಂಟು ತೆಗೆದ ಮೇಲೂ ಅಂಚಿನಲ್ಲಿ ಕ್ಯಾನ್ಸರ್ ಕಣ ಉಳಿದಿದೆ ಅಂತ ರಿಪೋರ್ಟ್ ಪದೇ ಪದೇ ಬಂದರೆ ಕೊನೆಗೆ ಇದೇ ದಾರಿ.

ಇದ್ಯಾವುದೂ ಇಲ್ಲದೆಯೂ "ನನಗೆ ಪೂರ್ತಿ ತೆಗೆಸಿಕೊಂಡರೇ ನೆಮ್ಮದಿ" ಅನ್ನುವವರಿದ್ದಾರೆ. ಅದೂ ಒಂದು ಕಾರಣವೇ. ಆದರೆ ಅದು ನಿಮ್ಮ ಬಾಯಿಂದ ಬರಬೇಕು, ಸುಮ್ನೆ ಡೈರಿಯಲ್ಲಿ ಖಾಲಿ ಇದ್ದ ದಿನದಿಂದ ಅಲ್ಲ.

ಮೊದಲು ಕೀಮೋ ಕೊಟ್ಟು ಗಂಟು ಚಿಕ್ಕದು ಮಾಡಬಹುದಂತೆ?

ಹೌದು, ಎಷ್ಟೋ ಸಲ ಮಾಡುತ್ತಾರೆ. ಅದರಲ್ಲೂ ಹರ್2 ಪಾಸಿಟಿವ್ (ಹರ್2 ಎಂಬ ಪ್ರೋಟೀನ್ ಜಾಸ್ತಿ ಇರುವ ಬಗೆ) ಅಥವಾ ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಪರೀಕ್ಷೆ, ಹರ್2 ಪರೀಕ್ಷೆ ಮೂರೂ ನೆಗೆಟಿವ್ ಬಂದ ಬಗೆ) ಇದ್ದರೆ ಗಂಟು ಚೆನ್ನಾಗಿ ಕರಗುವ ಸಾಧ್ಯತೆ ಜಾಸ್ತಿ. ಪೂರ್ತಿ ಮಾಯವಾಗಿಬಿಟ್ಟರೆ ಎಲ್ಲಿ ಕತ್ತರಿಸಬೇಕು ಅಂತ ಗೊತ್ತಾಗಬೇಕಲ್ಲ, ಅದಕ್ಕೆ ಮೊದಲೇ ಗಂಟಿನೊಳಗೆ ಒಂದು ಸಣ್ಣ ಲೋಹದ ಕ್ಲಿಪ್ ಇಡುತ್ತಾರೆ. ನಿಮ್ಮ ರಿಪೋರ್ಟ್‌ನಲ್ಲಿ ಹಾರ್ಮೋನ್ ಮತ್ತು ಹರ್2 ಫಲಿತಾಂಶ ಇನ್ನೂ ಬಂದಿಲ್ಲ ಅಂದರೆ, ಆಪರೇಷನ್ ದಿನ ಗೊತ್ತು ಮಾಡುವ ಮೊದಲು ಅದಕ್ಕೆ ಕಾಯಬೇಕಾ ಅಂತ ಕೇಳಿ.

ಇನ್ನೊಂದು ಎದೆಯನ್ನೂ ತೆಗೆಸಿಬಿಡಲಾ? ಒಂದೇ ಸಲ ಮುಗಿದುಹೋಗಲಿ.

ಈ ಪ್ರಶ್ನೆ ಯಾವಾಗಲೂ ರಾತ್ರಿ ಹೊತ್ತಿನ ಫೋನ್‌ನಲ್ಲೇ ಬರುತ್ತದೆ. 2013ರಲ್ಲಿ ನಟಿ ಏಂಜಲೀನಾ ಜೋಲಿ ಎರಡೂ ಎದೆ ತೆಗೆಸಿಕೊಂಡದ್ದನ್ನು ಬಹಿರಂಗವಾಗಿ ಹೇಳಿದ ಮೇಲೆ ಇದು ಎಲ್ಲರ ತಲೆಗೂ ಬರುತ್ತದೆ. ಆದರೆ ಆಕೆಗೆ ಕ್ಯಾನ್ಸರ್ ಬಂದಿರಲಿಲ್ಲ. ಬಿಆರ್‌ಸಿಎ1 ಎಂಬ ಜೀನ್‌ನಲ್ಲಿ ದೋಷ ಇತ್ತು. ಬಿಆರ್‌ಸಿಎ ದೋಷ ಇರುವ ಹೆಂಗಸರಲ್ಲಿ ನೂರಕ್ಕೆ ಸುಮಾರು 70 ಜನಕ್ಕೆ 80 ವರ್ಷ ತುಂಬುವುದರೊಳಗೆ ಸ್ತನ ಕ್ಯಾನ್ಸರ್ ಬರುತ್ತದೆ. ಅಂಥವರಿಗೆ ಎರಡೂ ತೆಗೆಸುವುದರಲ್ಲಿ ಅರ್ಥ ಇದೆ.

ಆ ದೋಷ ಇಲ್ಲದವರ ಲೆಕ್ಕ ಬೇರೆ. ಇನ್ನೊಂದು ಎದೆಯಲ್ಲಿ ಹೊಸ ಕ್ಯಾನ್ಸರ್ ಬರುವುದು ಹತ್ತು ವರ್ಷದಲ್ಲಿ ನೂರಕ್ಕೆ ನಾಲ್ಕೈದು ಜನಕ್ಕೆ. ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಕಡಿಮೆ. ಜೀವಕ್ಕೆ ಅಪಾಯ ತರುವುದು ಮೊದಲ ಕ್ಯಾನ್ಸರ್ ಬೇರೆ ಅಂಗಕ್ಕೆ ಹೋಗುವುದು. ಚೆನ್ನಾಗಿರುವ ಎದೆಯನ್ನು ತೆಗೆದರೆ ಅದು ತಪ್ಪುವುದಿಲ್ಲ. ಗಾಯ ಎರಡು, ಗಾಯದ ನೀರು ಹೊರಗೆ ತರುವ ಟ್ಯೂಬ್, ಅಂದರೆ ಡ್ರೈನ್, ಎರಡು ಪಟ್ಟು, ಸೋಂಕಿನ ಸಾಧ್ಯತೆಯೂ ಜಾಸ್ತಿ. ಒಂದು ಕಡೆ ಸೋಂಕಾದರೆ ಕೀಮೋ ಮುಂದಕ್ಕೆ ಹೋಗುತ್ತದೆ. ಮನೆತನದಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೆ, ಅಥವಾ ನಿಮಗೆ ಚಿಕ್ಕ ವಯಸ್ಸಿಗೇ ಬಂದಿದ್ದರೆ, ಮೊದಲು ಜೀನ್ ಪರೀಕ್ಷೆ ಮಾಡಿಸಿ. ಇನ್ನೊಂದು ಬದಿಯನ್ನು ಆಮೇಲೂ ತೆಗೆಸಬಹುದು. ತೆಗೆದದ್ದನ್ನು ವಾಪಸ್ ತರಲು ಬರುವುದಿಲ್ಲ.

ಎರಡನೇ ಅಭಿಪ್ರಾಯ ಕೇಳಿದರೆ ಡಾಕ್ಟರಿಗೆ ಬೇಜಾರಾಗಲ್ವಾ?

ಒಳ್ಳೆಯ ಡಾಕ್ಟರಿಗೆ ಆಗುವುದಿಲ್ಲ. ಆದರೆ ಆಗಲಿ ಬಿಡಿ. ಹೋಗುವಾಗ ರಿಪೋರ್ಟ್ ಹಾಳೆ ಮಾತ್ರವಲ್ಲ, ಬಯಾಪ್ಸಿಯ ಸ್ಲೈಡ್ ಮತ್ತು ಸ್ಕ್ಯಾನ್‌ನ ಸಿಡಿಯನ್ನೂ ಒಯ್ಯಿರಿ.

ಕಂಕುಳಲ್ಲೂ ಕತ್ತರಿಸುತ್ತಾರಂತೆ. ಯಾಕೆ?

ಸ್ತನದಿಂದ ಹೊರಟ ಕ್ಯಾನ್ಸರ್ ಕಣ ಸಾಮಾನ್ಯವಾಗಿ ಮೊದಲು ನಿಲ್ಲುವುದು ಕಂಕುಳ ದುಗ್ಧರಸ ಗ್ರಂಥಿಯಲ್ಲಿ (ಲಿಂಫ್ ನೋಡ್). ಹಿಂದೆ ಎಲ್ಲರಿಗೂ ಹತ್ತಿಪ್ಪತ್ತು ಗ್ರಂಥಿ ತೆಗೆಯುತ್ತಿದ್ದರು. ಈಗ ನೀಲಿ ಬಣ್ಣವನ್ನೋ ರೇಡಿಯೋ ವಸ್ತುವನ್ನೋ ಸ್ತನಕ್ಕೆ ಚುಚ್ಚಿ, ಅದು ಮೊದಲು ಸೇರುವ ಒಂದೆರಡು ಗ್ರಂಥಿಗಳನ್ನು ಹುಡುಕಿ ಅಷ್ಟನ್ನೇ ಪರೀಕ್ಷೆಗೆ ತೆಗೆಯುತ್ತಾರೆ. ಕಾವಲುಗಾರನನ್ನು ಕೇಳಿದ ಹಾಗೆ. ಅಲ್ಲಿ ಏನೂ ಇಲ್ಲದಿದ್ದರೆ ಒಳಗಿನವುಗಳನ್ನು ಮುಟ್ಟುವುದಿಲ್ಲ. ಅಲ್ಲಿ ಕ್ಯಾನ್ಸರ್ ಸಿಕ್ಕರೆ, ಅಥವಾ ಮೊದಲೇ ಗ್ರಂಥಿಗಳಿಗೆ ಜಾಸ್ತಿ ಹರಡಿದೆ ಅಂತ ಗೊತ್ತಿದ್ದರೆ ಹೆಚ್ಚು ತೆಗೆಯಬೇಕಾಗಬಹುದು.

ನೀಲಿ ಬಣ್ಣ ಹಾಕಿದ್ದರೆ ಒಂದೆರಡು ದಿನ ಮೂತ್ರ ನೀಲಿಯೋ ಹಸಿರೋ ಆಗಿ ಬರುತ್ತದೆ. ನನಗೆ ಯಾರೂ ಹೇಳಿರಲಿಲ್ಲ. ಆಪರೇಷನ್ ಆದ ರಾತ್ರಿ ಬಾತ್‌ರೂಮಿನಿಂದ ನಾನು ಕೂಗಿದ್ದು ನೋವಿಗಲ್ಲ, ಬಣ್ಣ ನೋಡಿ.

ಆಪರೇಷನ್ ದಿನ ಹೇಗಿರುತ್ತದೆ?

ಇಂಗ್ಲಿಷ್ ಲೇಖಕಿ ಫ್ಯಾನಿ ಬರ್ನಿಗೆ 1811ರಲ್ಲಿ ಪ್ಯಾರಿಸ್‌ನಲ್ಲಿ ಅರಿವಳಿಕೆಯೇ ಇಲ್ಲದೆ ಎದೆ ತೆಗೆದರು. ಮುಖಕ್ಕೆ ಹೊದಿಸಿದ ತೆಳು ಬಟ್ಟೆಯೊಳಗಿಂದ ಕತ್ತಿಯ ಹೊಳಪು ಕಾಣುತ್ತಿತ್ತು ಎಂದು ಆಕೆ ತನ್ನ ಅಕ್ಕನಿಗೆ ಬರೆದ ಕಾಗದದಲ್ಲಿದೆ. ಆಕೆ ಆಮೇಲೆ 28 ವರ್ಷ ಬದುಕಿದಳು. ನನಗೆ ಯಾಕೋ ಆ ಕಥೆಯಿಂದ ಧೈರ್ಯ ಬಂತು. ಕೆಲವರಿಗೆ ಬರಲಿಕ್ಕಿಲ್ಲ, ಕ್ಷಮಿಸಿ.

ಈಗ ಹಾಗಲ್ಲ. ಸರ್ಜನ್ ಬಂದು ಎದೆಯ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಯಾವ ಬದಿ ಎಂದು ನಾಲ್ಕು ಜನ ನಾಲ್ಕು ಸಲ ಕೇಳುತ್ತಾರೆ. ಕೇಳಲಿ, ಒಳ್ಳೆಯದೇ. ಆಮೇಲೆ ನಿದ್ದೆ. ಹೊಸ ಎದೆ ಕಟ್ಟುವ ಕೆಲಸ ಇಲ್ಲದಿದ್ದರೆ ಒಂದರಿಂದ ಮೂರು ಗಂಟೆ ಹಿಡಿಯುತ್ತದೆ. ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ, ಗಿಡಮೂಲಿಕೆ ಔಷಧಿ ಏನೇ ತೆಗೆದುಕೊಳ್ಳುತ್ತಿದ್ದರೂ ಮೊದಲೇ ಹೇಳಿ. ಸಿಗರೇಟ್ ಸೇದುವವರಾದರೆ ಬಿಡಿ, ಗಾಯ ಮಾಯುವುದಕ್ಕೇ ಅದು ಅಡ್ಡ. ಮುಂದೆ ಗುಂಡಿ ಇರುವ ಸಡಿಲ ಅಂಗಿ ನಾಲ್ಕಾರು ಇಟ್ಟುಕೊಳ್ಳಿ, ತಲೆ ಮೇಲಿಂದ ಹಾಕುವ ಬಟ್ಟೆ ಕೆಲವು ವಾರ ಆಗುವುದಿಲ್ಲ.

ಡ್ರೈನ್ ಅಂದರೇನು? ಎಲ್ಲರೂ ಅದಕ್ಕೇ ಹೆದರಿಸುತ್ತಾರೆ.

ತೆಗೆದ ಜಾಗದಲ್ಲಿ ನೀರು ತುಂಬಿಕೊಳ್ಳದಿರಲಿ ಎಂದು ಪಕ್ಕೆಯಿಂದ ಒಂದೋ ಎರಡೋ ಸಣ್ಣ ಟ್ಯೂಬ್ ಹೊರಗೆ ಬಿಟ್ಟಿರುತ್ತಾರೆ. ತುದಿಯಲ್ಲಿ ಮುಷ್ಟಿಗಾತ್ರದ ಪ್ಲಾಸ್ಟಿಕ್ ಬುರುಡೆ. ಬುರುಡೆಯನ್ನು ಹಿಂಡಿ ಮುಚ್ಚಳ ಹಾಕಿದರೆ ಅದು ಮತ್ತೆ ಉಬ್ಬಲು ನೋಡುತ್ತಾ ಒಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಅಷ್ಟೇ ಅದರ ಕರಾಮತ್ತು.

ನಮ್ಮ ಮನೆಯಲ್ಲಿ ಅದು ಅಕ್ಕನ ಕೆಲಸ. ಬೆಳಿಗ್ಗೆ, ಸಂಜೆ ಕೈ ತೊಳೆದುಕೊಂಡು ಬರುವಳು. ಚರ್ಮದ ಹತ್ತಿರ ಟ್ಯೂಬನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು, ಬಲಗೈಯ ಎರಡು ಬೆರಳಲ್ಲಿ ಒತ್ತಿ ಕೆಳಕ್ಕೆ ಜಾರಿಸುವಳು. ದಾರದ ಎಳೆಯಂಥ ಹೆಪ್ಪು ರಕ್ತ ಸರಸರ ಇಳಿದು ಬುರುಡೆಗೆ ಬೀಳುತ್ತಿತ್ತು. ಆಮೇಲೆ ಅಳತೆ ಲೋಟಕ್ಕೆ ಸುರಿದು, ಕಣ್ಣ ಮಟ್ಟಕ್ಕೆ ಎತ್ತಿ ಹಿಡಿದು ನೋಡಿ, ಕ್ಯಾಲೆಂಡರಿನಲ್ಲಿ ಬರೆಯುವಳು. 110, 90, 85. ಬಣ್ಣ ಕೆಂಪಿನಿಂದ ತಿಳಿ ಗುಲಾಬಿಗೆ, ಅಲ್ಲಿಂದ ಹುಲ್ಲಿನ ಹಳದಿಗೆ ತಿರುಗಿತು. ದಿನಕ್ಕೆ 30 ಮಿಲಿಗಿಂತ ಕಡಿಮೆಯಾದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ನನಗೆ 12ನೇ ದಿನ ತೆಗೆದರು. ಉಸಿರು ಬಿಡಿ ಅಂದರು, ಬಿಟ್ಟೆ, ಒಳಗೆ ಏನೋ ಹಾವಿನ ಹಾಗೆ ಸರಿದಂತಾಗಿ ಹೊರಗೆ ಬಂತು.

ಬುರುಡೆಯನ್ನು ಅಂಗಿಯ ಒಳಗಡೆಗೆ ಪಿನ್ ಹಾಕಿ ಸಿಕ್ಕಿಸಿಕೊಳ್ಳಿ. ನಾನು ಹೊರಗೆ ನೇತಾಡಲು ಬಿಟ್ಟು, ಬಾಗಿಲ ಹಿಡಿಗೆ ಟ್ಯೂಬ್ ಸಿಕ್ಕಿ ನಿಂತಲ್ಲೇ ಕಣ್ಣಲ್ಲಿ ನೀರು ತಂದುಕೊಂಡಿದ್ದೆ. ಜ್ವರ ಬಂದರೆ, ಸುತ್ತ ಕೆಂಪಾಗಿ ಬಿಸಿಯಾದರೆ, ಕೀವು ಕಂಡರೆ, ಬುರುಡೆ ಇದ್ದಕ್ಕಿದ್ದಂತೆ ಕಡುಕೆಂಪು ರಕ್ತದಿಂದ ತುಂಬಿದರೆ ಬೆಳಗಾಗಲಿ ಅಂತ ಕಾಯಬೇಡಿ.

ನೋವು ತುಂಬಾ ಇರುತ್ತಾ?

ಅಂದುಕೊಂಡಷ್ಟು ಇರಲಿಲ್ಲ. ಮಾತ್ರೆಗೆ ಬಗ್ಗುವ ನೋವು. ವಿಚಿತ್ರ ಅನಿಸಿದ್ದು ಜೋಮು. ಎದೆಯ ಚರ್ಮ ಮತ್ತು ತೋಳಿನ ಒಳಭಾಗಕ್ಕೆ ಹೋಗುವ ನರಗಳು ಆಪರೇಷನ್‌ನಲ್ಲಿ ತುಂಡಾಗುತ್ತವೆ, ಇಲ್ಲವೇ ಎಳೆದಂತಾಗುತ್ತವೆ. ಆ ಜಾಗದಲ್ಲಿ ಸ್ಪರ್ಶ ಗೊತ್ತಾಗುವುದಿಲ್ಲ, ಆದರೆ ಒಳಗೆ ಚುಳುಕು, ಉರಿ ಇರುತ್ತದೆ. ಇಲ್ಲದ ಮೊಲೆತೊಟ್ಟಿನಲ್ಲಿ ತುರಿಕೆ ಬರುವುದೂ ಉಂಟು. ನಿಮಗೆ ತಲೆ ಕೆಟ್ಟಿಲ್ಲ, ಕಾಲು ಕಳೆದುಕೊಂಡವರಿಗೂ ಹೀಗೇ ಆಗುತ್ತದೆ. ಕೆಲವರಿಗೆ ತಿಂಗಳುಗಟ್ಟಲೆ ನರದ ನೋವು ಉಳಿದುಬಿಡುತ್ತದೆ. ಅದಕ್ಕೆ ಬೇರೆಯೇ ಔಷಧಿ ಇದೆ, ಹಲ್ಲು ಕಚ್ಚಿಕೊಂಡು ಕೂರಬೇಡಿ.

ಮೊದಲ ಸಲ ಕನ್ನಡಿ ನೋಡುವುದು ಹೇಗೆ?

ನಿಯಮ ಇಲ್ಲ. ಬ್ಯಾಂಡೇಜ್ ಬಿಚ್ಚಿದ ದಿನವೇ ನೋಡಿದವರಿದ್ದಾರೆ. ಮೂರು ವಾರ ದೀಪ ಆರಿಸಿ ಸ್ನಾನ ಮಾಡಿದವರೂ ಇದ್ದಾರೆ. ನಾನು ಮೊದಲು ಮೇಲಿನಿಂದ ಕೆಳಗೆ ಬಗ್ಗಿ ನೋಡಿದೆ. ಹೊಟ್ಟೆ ನೇರವಾಗಿ ಕಂಡಿತು, ಮಧ್ಯೆ ಏನೂ ಅಡ್ಡ ಇರಲಿಲ್ಲ. ಕನ್ನಡಿಗಿಂತ ಅದೇ ಜಾಸ್ತಿ ಚುಚ್ಚಿತು. ಗಾಯದ ಗೆರೆ ಎದೆಯ ನಡುವಿನಿಂದ ಕಂಕುಳವರೆಗೆ, ಸುತ್ತ ನೀಲಿ ಹಳದಿ. ಒಂದು ತುದಿಯಲ್ಲಿ ಚರ್ಮ ಮಡಿಚಿಕೊಂಡಿತ್ತು. ಮೊದಲ ವಾರದ ಊತ, ಬಣ್ಣ ಹಾಗೇ ಉಳಿಯುವುದಿಲ್ಲ. ಗೆರೆ ತಿಳಿಯಾಗಲು ವರ್ಷ ಬೇಕು.

ಅತ್ತರೆ ಅಳಿ. "ಜೀವ ಉಳಿಯಿತಲ್ಲ, ಅದಕ್ಯಾಕೆ ಅಳ್ತೀಯ" ಅನ್ನುವವರನ್ನು ಆ ವಾರ ಮನೆಗೆ ಕರೆಯಬೇಡಿ. ಜೀವ ಉಳಿದದ್ದಕ್ಕೆ ಸಮಾಧಾನ, ಎದೆ ಹೋದದ್ದಕ್ಕೆ ದುಃಖ, ಎರಡೂ ಒಟ್ಟಿಗೇ ಇರುತ್ತವೆ. ತಿಂಗಳಾದರೂ ನಿದ್ದೆ ಊಟ ಬೇಡವಾದರೆ ಡಾಕ್ಟರಿಗೆ ಹೇಳಿ.

ಕೈ ಎತ್ತಲು ಆಗುತ್ತಾ? ಕೈ ಊದುತ್ತದಂತೆ?

ಬೆರಳು, ಮಣಿಕಟ್ಟು, ಮೊಣಕೈ ಮಡಿಸಿ ಬಿಡಿಸುವುದನ್ನು ಮರುದಿನವೇ ಶುರು ಮಾಡಿಸುತ್ತಾರೆ. ಭುಜದ ವ್ಯಾಯಾಮ ಯಾವಾಗ ಅಂತ ಡಾಕ್ಟರ್ ಹೇಳುತ್ತಾರೆ. ಗೋಡೆಗೆ ಬೆರಳಿಟ್ಟು ಜೇಡ ಹತ್ತಿದ ಹಾಗೆ ಮೇಲೇರಿಸುವುದು ಎಲ್ಲರೂ ಮಾಡುವ ವ್ಯಾಯಾಮ. ನಾನು ಗೋಡೆಯ ಮೇಲೆ ಪೆನ್ಸಿಲ್ ಗೆರೆ ಹಾಕಿ ದಿನಕ್ಕೊಂದು ಬೆರಳಗಲ ಏರಿಸುತ್ತಿದ್ದೆ. ಆ ಗೆರೆಗಳು ಇನ್ನೂ ಇವೆ. ಕಂಕುಳಿಂದ ಮೊಣಕೈವರೆಗೆ ತಂತಿ ಬಿಗಿದಂತೆ ಎದ್ದು ಕಂಡರೆ ಗಾಬರಿ ಬೇಡ, ಫಿಸಿಯೋಥೆರಪಿಯಿಂದ ಹೋಗುತ್ತದೆ.

ಊತ ನಿಜ. ಕಂಕುಳ ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಬರುತ್ತದೆ. ಒಂದೆರಡು ಮಾತ್ರ ತೆಗೆದವರಲ್ಲಿ ನೂರಕ್ಕೆ ಐದಾರು ಜನಕ್ಕೆ. ವರ್ಷಗಳ ಮೇಲೂ ಬರಬಹುದು. ಉಂಗುರ ಬಿಗಿ ಅನಿಸುವುದು, ತೋಳು ಭಾರ ಅನಿಸುವುದು ಮೊದಲ ಸೂಚನೆ. ಆಗಲೇ ತೋರಿಸಿದರೆ ಹತೋಟಿಯಲ್ಲಿರುತ್ತದೆ. ಆ ಕೈಗೆ ಗಾಯ, ಸುಟ್ಟ ಬೊಬ್ಬೆ ಆದರೆ ತಕ್ಷಣ ತೊಳೆದು ನೋಡಿಕೊಳ್ಳಿ. ಆದರೆ ಕೈಯನ್ನು ಕೆಲಸ ಮಾಡಿಸದೆ ಕೂರಿಸುವುದು ಹಳೆಯ ಸಲಹೆ.

ಹೊಸ ಎದೆ ಕಟ್ಟಿಸಿಕೊಳ್ಳಬೇಕಾ?

ಬೇಕಾದರೆ ಮಾತ್ರ. ಸಿಲಿಕೋನ್ ಇಂಪ್ಲಾಂಟ್ ಇಡುವುದು ಒಂದು ದಾರಿ. ನಿಮ್ಮದೇ ಹೊಟ್ಟೆಯ ಅಥವಾ ಬೆನ್ನಿನ ಭಾಗ ತೆಗೆದು ಕಟ್ಟುವುದು ಇನ್ನೊಂದು. ಮೊದಲನೆಯದರಲ್ಲಿ ಆಪರೇಷನ್ ಚಿಕ್ಕದು. ಆದರೆ ಇಂಪ್ಲಾಂಟ್ ಜೀವನಪೂರ್ತಿ ಬರುವ ವಸ್ತುವಲ್ಲ, ಮುಂದೆ ಬದಲಿಸಬೇಕಾಗಬಹುದು. ರೇಡಿಯೇಷನ್ ಬಿದ್ದರೆ ಅದರ ಸುತ್ತ ಗಟ್ಟಿಯಾಗುವ ಸಾಧ್ಯತೆ ಜಾಸ್ತಿ. ಎರಡನೆಯದು ಗಂಟೆಗಟ್ಟಲೆಯ ಆಪರೇಷನ್, ಗಾಯ ಎರಡು ಕಡೆ. ಆದರೆ ಮುಟ್ಟಿದರೆ ಮೈಯಂತೆಯೇ ಬೆಚ್ಚಗೆ, ಮೆತ್ತಗೆ ಇರುತ್ತದೆ. ಯಾವುದರಲ್ಲೂ ಹಳೆಯ ಸ್ಪರ್ಶ ಪೂರ್ತಿ ಮರಳುವುದಿಲ್ಲ. ಇದನ್ನು ಎಷ್ಟೋ ಜನ ಆಮೇಲೆ ತಿಳಿದು ಬೇಜಾರಾಗುತ್ತಾರೆ. ಅದೇ ದಿನ ಕಟ್ಟಿಸಬಹುದು, ವರ್ಷ ಬಿಟ್ಟೂ ಕಟ್ಟಿಸಬಹುದು. ಅದೇ ದಿನ ಬೇಕಾದರೆ ಮೊದಲೇ ಪ್ಲಾಸ್ಟಿಕ್ ಸರ್ಜನ್ ಜೊತೆ ಮಾತಾಡಿರಬೇಕು.

ಕಟ್ಟಿಸದೆ ಸಪಾಟಾಗಿರುವುದೂ ಪೂರ್ತಿ ಸರಿಯಾದ ಆಯ್ಕೆ. ಹಾಗಿದ್ದರೆ "ಮಡಿಕೆ ಉಳಿಸದೆ ನೀಟಾಗಿ ಸಪಾಟು ಮಾಡಿ ಹೊಲಿಯಿರಿ" ಎಂದು ಆಪರೇಷನ್‌ಗೆ ಮೊದಲೇ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ "ಮುಂದೆ ಬೇಕಾಗಬಹುದು" ಅಂತ ಚರ್ಮ ಬಿಟ್ಟಿರಬಹುದು.

ನಾನು ಬ್ರಾ ಒಳಗೆ ಇಡುವ ಸಿಲಿಕೋನ್ ಪ್ರಾಸ್ಥೆಸಿಸ್ ಬಳಸುತ್ತೇನೆ. ಮೊದಲ ಆರೆಂಟು ವಾರ ಬಟ್ಟೆಯದು, ಗಾಯ ಮಾಗಿದ ಮೇಲೆ ತೂಕದ್ದು. ಬೆಳಿಗ್ಗೆ ಹಾಕಿಕೊಳ್ಳುವಾಗ ತಣ್ಣಗೆ ಕೊರೆಯುತ್ತದೆ, ಹತ್ತು ನಿಮಿಷದಲ್ಲಿ ಮೈ ಬಿಸಿ ಹಿಡಿಯುತ್ತದೆ. ಮನೆಯಲ್ಲಿದ್ದರೆ ಹಾಕುವುದೇ ಇಲ್ಲ.

ಪೂರ್ತಿ ತೆಗೆದಾಯಿತಲ್ಲ, ಇನ್ನು ಕೀಮೋ ರೇಡಿಯೇಷನ್ ಬೇಡ ಅಲ್ವಾ?

ಹಾಗೇನಿಲ್ಲ. ಕೀಮೋ, ಹಾರ್ಮೋನ್ ಮಾತ್ರೆ ಬೇಕಾ ಎಂಬುದು ಕ್ಯಾನ್ಸರ್‌ನ ಗುಣದ ಮೇಲೆ, ಎಷ್ಟು ಹರಡಿದೆ ಎಂಬುದರ ಮೇಲೆ ನಿಂತಿದೆ. ಎಷ್ಟು ಕತ್ತರಿಸಿದರು ಎಂಬುದರ ಮೇಲೆ ಅಲ್ಲ. ಗಂಟು 5 ಸೆಂ.ಮೀ.ಗಿಂತ ದೊಡ್ಡದಿದ್ದರೆ, ನಾಲ್ಕು ಅಥವಾ ಹೆಚ್ಚು ಗ್ರಂಥಿಯಲ್ಲಿ ಕ್ಯಾನ್ಸರ್ ಇದ್ದರೆ ಮಾಸ್ಟೆಕ್ಟಮಿ ಆದ ಮೇಲೂ ಸಾಮಾನ್ಯವಾಗಿ ರೇಡಿಯೇಷನ್ ಕೊಡುತ್ತಾರೆ. "ರೇಡಿಯೇಷನ್ ತಪ್ಪಲಿ ಅಂತ ಪೂರ್ತಿ ತೆಗೆಸಿದೆ" ಅಂದವರಿಗೆ ಕೊನೆಗೆ ಎರಡೂ ಆದದ್ದನ್ನು ನೋಡಿದ್ದೇನೆ. ಮೊದಲೇ ಕೇಳಿಕೊಳ್ಳಿ.

ಗಂಡನಿಗೆ, ಮಕ್ಕಳಿಗೆ ಹೇಗೆ ಹೇಳುವುದು?

ಮಕ್ಕಳಿಗೆ ನಿಜ ಹೇಳಿ, ಕಡಿಮೆ ಮಾತಲ್ಲಿ. ಕಾಯಿಲೆಯ ಹೆಸರು ಹೇಳಿ. ಅವರು ಏನೋ ತಪ್ಪು ಮಾಡಿದ್ದಕ್ಕೆ ಬಂದದ್ದಲ್ಲ, ಮುಟ್ಟಿದರೆ ಅಂಟುವುದಿಲ್ಲ ಅಂತಲೂ ಹೇಳಿ. ನನ್ನ ಚಿಕ್ಕವಳು ಕೇಳಿದ್ದು ಒಂದೇ, "ತಬ್ಬಿಕೊಂಡರೆ ನೋಯುತ್ತಾ?" ಬಲಗಡೆಯಿಂದ ತಬ್ಬಿಕೋ ಅಂದೆ.

ಗಂಡಂದಿರು ಮುಟ್ಟಲು ಹೆದರುತ್ತಾರೆ, ನೋವಾದೀತು ಅಂತ. ನಾವು ಅದನ್ನು ಅಸಹ್ಯ ಅಂದುಕೊಂಡು ತಿರುಗಿ ಮಲಗುತ್ತೇವೆ. ನಮ್ಮ ಮನೆಯಲ್ಲಿ ಈ ಮೂಕನಾಟಕ ಎರಡು ತಿಂಗಳು ನಡೆಯಿತು. ಒಂದು ದಿನ ನಾನೇ ಅವರ ಕೈ ಹಿಡಿದು ಗಾಯದ ಮೇಲೆ ಇಟ್ಟೆ.

ನಿಮಗೆ ಯಾವಾಗಲಾದರೂ ತಪ್ಪು ಮಾಡಿದೆ ಅನಿಸಿದೆಯಾ?

ತೆಗೆಸಿದ್ದಕ್ಕೆ ಇಲ್ಲ. ಆ ಮೊದಲ ದಿನ ಕೇಳದೆ ತಲೆಯಾಡಿಸಿದ್ದಕ್ಕೆ ಇದೆ. ವರ್ಷಕ್ಕೊಮ್ಮೆ ಬಲಗಡೆಯ ಮ್ಯಾಮೊಗ್ರಾಂಗೆ ಹೋಗುತ್ತೇನೆ. ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ, ಅದು ಆರು ವರ್ಷವಾದರೂ ಹೋಗಿಲ್ಲ. ಉಳಿದಂತೆ ದಿನಗಳು ಮಾಮೂಲು. ಸ್ನಾನ ಮಾಡುವಾಗ ಸೋಪು ಹಿಡಿದ ಕೈ ಎಡಗಡೆಗೆ ಬಂದರೆ ಈಗಲೂ ಹಳೆಯ ಅಭ್ಯಾಸಕ್ಕೆ ಸ್ವಲ್ಪ ಮೇಲೆದ್ದು, ಆಮೇಲೆ ನೆನಪಾಗಿ ಸಪಾಟಾಗಿ ಸಾಗುತ್ತದೆ.